ಶುಕ್ರವಾರದ ಬನ್ಸ್: ಮೂಲ್ಕಿಯ ಒಂದು ಹೋಟೆಲಿನ ಬಗ್ಗೆ

ಮೂಲ್ಕಿ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಚಿಕ್ಕ ಸಸ್ಯಾಹಾರಿ ಹೋಟೆಲಿನ ಬಗ್ಗೆ ಬರೆಯುತ್ತಿದ್ದೇನೆ. ಹೆಂಚಿನ ಮಾಡು, ಒಂಬತ್ತು ಮೇಜು, ಗಲ್ಲೆಯ ಹಿಂದೆ ಕೃಷ್ಣನ ಪಟ. ಹೋಟೆಲಿನ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಮಗಳು ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕುಳಿತಿರುತ್ತಾಳೆ ಎಂಬುದು ಊರಿಗೆಲ್ಲ ತಿಳಿಯುತ್ತದೆ. ಮೂರು ವರ್ಷಗಳಿಂದ ತಿಂಗಳಿಗೆ ಆರು ಸಲ ಆ ಹೋಟೆಲಿನ ಮೆಟ್ಟಿಲು ಹತ್ತಿದ್ದೇನೆ. ಶುಕ್ರವಾರ ಮಗಳನ್ನು ಅವಳ ಅಪ್ಪನಿಗೆ ಒಪ್ಪಿಸಲು, ಭಾನುವಾರ ಅವಳನ್ನು ಮರಳಿ ಕರೆದುಕೊಳ್ಳಲು.

ಮೊದಲು ತಿಂಡಿಯ ಮಾತು. ಬನ್ಸ್ ತಿನ್ನಲೆಂದೇ ಹೋದರೂ ನಷ್ಟವಿಲ್ಲ. ಮಾಗಿ ಸಿಪ್ಪೆ ಕಪ್ಪಾದ ಬಾಳೆಹಣ್ಣು, ಮೊಸರು, ಮೈದಾ, ಸಕ್ಕರೆ, ಒಂದಿಷ್ಟು ಜೀರಿಗೆ ಹಾಕಿ ಹಿಂದಿನ ರಾತ್ರಿಯೇ ಕಲಸಿಟ್ಟ ಹಿಟ್ಟು. ಅವಸರದ ಹೋಟೆಲುಗಳಲ್ಲಿ ಸೋಡಾ ಹೆಚ್ಚು ಹಾಕಿ ಉಬ್ಬಿಸುತ್ತಾರೆ, ತಿಂದು ಮುಗಿಸಿದ ಮೇಲೂ ಬಾಯಲ್ಲಿ ಸಾಬೂನಿನಂಥ ರುಚಿ ಉಳಿಯುತ್ತದೆ. ಇಲ್ಲಿ ಹಾಗಿಲ್ಲ. ಬಿಸಿಯಿರುವಾಗಲೇ ಮುರಿದರೆ ಒಳಗಿನಿಂದ ಬಾಳೆಹಣ್ಣಿನ ಪರಿಮಳದ ಆವಿ ಮುಖಕ್ಕೆ ಬಡಿಯುತ್ತದೆ. ಜೊತೆಗೆ ಕೊಡುವ ಚಟ್ನಿಗೆ ನೀರು ಸುರಿದಿರುವುದಿಲ್ಲ. ಎರಡಕ್ಕೆ 40 ರೂಪಾಯಿ. ಗೋಳಿಬಜೆಯಲ್ಲಿ ಶುಂಠಿ ಮತ್ತು ತೆಂಗಿನಕಾಯಿಯ ಚೂರು ಧಾರಾಳವಾಗಿ ಸಿಗುತ್ತವೆ. ಕಾಫಿಗೆ ಸಕ್ಕರೆ ಅತಿಯಾಯಿತು. ಕಡಿಮೆ ಹಾಕಿ ಎಂದು ಪ್ರತಿ ಸಲವೂ ನೆನಪಿಸಬೇಕು. ಅದಕ್ಕಿಂತ ಕಷಾಯ ವಾಸಿ. ಬೆಳಿಗ್ಗೆ ಸಜ್ಜಿಗೆ ಬಜಿಲ್ (ಉಪ್ಪಿಟ್ಟು, ಅವಲಕ್ಕಿ) ಚೆನ್ನಾಗಿರುತ್ತದಂತೆ, ಆ ಹೊತ್ತಿಗೆ ನಾನು ಹೋದವಳಲ್ಲ.

ಆದರೆ ನಾನು ಬರೆಯಲು ಕುಳಿತದ್ದು ತಿಂಡಿಗಾಗಿ ಅಲ್ಲ. ಬೇರೆಯಾದ ಮೇಲೂ ಮಗುವನ್ನು ಇಬ್ಬರೂ ಸೇರಿ ಸಾಕಬೇಕೆಂದಿರುವ ತಂದೆ ತಾಯಂದಿರು ಮಂಗಳೂರು, ಉಡುಪಿ ಎರಡೂ ಕಡೆ ಇದ್ದಾರೆ ಎಂದು ನನಗೆ ಗೊತ್ತು. ವಕೀಲರ ಕಚೇರಿಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಅಂಥವರು ಕುಳಿತಿರುತ್ತಿದ್ದರು. ಮಗು ವರ್ಷಕ್ಕೆ ಎಷ್ಟು ದಿನ ಯಾರ ಬಳಿ ಎಂದು ನಾವೆಲ್ಲ ಜಗಳವಾಡುತ್ತೇವೆ. ಒಂದು ಕೈಯಿಂದ ಇನ್ನೊಂದು ಕೈಗೆ ಮಗು ದಾಟುವ ಆ ಹದಿನೈದು ನಿಮಿಷ ಎಲ್ಲಿ, ಹೇಗೆ ಕಳೆಯಬೇಕು ಎಂದು ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ.

ನಾನು ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವವಳು. ನಾವು ಬೇರೆಯಾದಾಗ ಮಗಳಿಗೆ ಆರು ವರ್ಷ. ಅವಳು ನನ್ನೊಡನೆ ಮಂಗಳೂರಿನ ಕೊಟ್ಟಾರದಲ್ಲಿ ಉಳಿದಳು, ಅವಳ ಅಪ್ಪ ಉಡುಪಿಯ ತಮ್ಮ ತಾಯಿಯ ಮನೆಗೆ ಹೋದರು. ‘ಹೆಣ್ಣುಮಗು, ಕೋರ್ಟು ನಿನಗೇ ಕೊಡುತ್ತದೆ, ಹಂಚಿಕೊಳ್ಳುವ ಮಾತೇ ಎತ್ತಬೇಡ’ ಎಂದು ನನ್ನ ಅಣ್ಣ ಹೇಳಿದ್ದ. ವಕೀಲರು ಮಾತ್ರ ನಿಧಾನವಾಗಿ ಬಿಡಿಸಿ ಹೇಳಿದರು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಹೇಳುವುದು ನಿಜ, ಆದರೆ ಎಲ್ಲಕ್ಕಿಂತ ಮೇಲೆ ಮಗುವಿನ ಹಿತ ಎಂದು ಅದೇ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಮಗು ಇಬ್ಬರ ಬಳಿಯೂ ಬೆಳೆಯುವ ವ್ಯವಸ್ಥೆಗೆ ಕಾನೂನಿನಲ್ಲಿ ಜಾಗ ಕೊಡಬೇಕೆಂದು ಕಾನೂನು ಆಯೋಗ 2015ರಲ್ಲಿ ತನ್ನ 257ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಅದಕ್ಕೂ ಮೊದಲೇ, 2013ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟು ಒಂದು ಮಗುವನ್ನು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಿಸಲು ಹೇಳಿತ್ತು. ಇದನ್ನು ಕೇಳಿ ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಆರು ತಿಂಗಳು!

ಮಧ್ಯಸ್ಥಿಕೆಯಲ್ಲಿ ನಾವು ಒಪ್ಪಿದ್ದು ಬೇರೆ ರೀತಿ. ಶಾಲೆಯ ದಿನಗಳು ನನ್ನ ಬಳಿ. ತಿಂಗಳಲ್ಲಿ ಮೂರು ವಾರಾಂತ್ಯ, ಬೇಸಗೆ ರಜೆಯ ಅರ್ಧ, ದಸರಾ ರಜೆಯ ಅರ್ಧ ಅಪ್ಪನ ಬಳಿ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಮತ್ತು ಕೃಷ್ಣಮಠದ ಪರ್ಯಾಯ ಉಡುಪಿಯಲ್ಲಿ, ಕುದ್ರೋಳಿಯ ದಸರಾ ಮೆರವಣಿಗೆ ಮಂಗಳೂರಿನಲ್ಲಿ. ಮೊದಲ ವರ್ಷ ನಾನು ರಾತ್ರಿಗಳನ್ನು ಎಣಿಸುತ್ತಿದ್ದೆ. 365ರಲ್ಲಿ ಅವರಿಗೆ 128, ನನಗೆ 237. ಒಂದು ರಾತ್ರಿ ಹೆಚ್ಚು ಕಡಿಮೆಯಾದರೂ ಸಂದೇಶ ಕಳಿಸಿ ಕೇಳುತ್ತಿದ್ದೆ. ಆ ಲೆಕ್ಕದ ಯಾವ ಪುಟದಲ್ಲೂ ಮಗಳ ಹೊಟ್ಟೆನೋವು ದಾಖಲಾಗಲಿಲ್ಲ.

ಶುಕ್ರವಾರ ಮಧ್ಯಾಹ್ನವಾಗುತ್ತಿದ್ದಂತೆ ಅವಳಿಗೆ ಹೊಟ್ಟೆನೋವು. ಶಾಲೆಯಿಂದ ಫೋನು ಬರುತ್ತಿತ್ತು. ಭಾನುವಾರ ರಾತ್ರಿ ಮತ್ತೆ ಹೊಟ್ಟೆನೋವು. ವೈದ್ಯರು ನೋಡಿ ಏನೂ ಇಲ್ಲವೆಂದರು. ‘ಅಲ್ಲಿ ಏನು ತಿನ್ನಿಸುತ್ತಾರೋ’ ಎಂದು ನಾನು, ‘ಅಲ್ಲಿ ಏನು ಹೇಳಿಕೊಡುತ್ತಾಳೋ’ ಎಂದು ಅವರು. ಆಗ ನಾವು ಮಗಳನ್ನು ಒಪ್ಪಿಸುತ್ತಿದ್ದುದು ಮಂಗಳೂರಿನ ಒಂದು ಮಾಲಿನ ವಾಹನ ನಿಲ್ದಾಣದಲ್ಲಿ. ನೆಲಮಾಳಿಗೆ, ಕತ್ತಲು, ಹಿಂದಿನಿಂದ ಹಾರ್ನ್ ಹಾಕುವ ಗಾಡಿಗಳು. ನಾನು ಆಟೋದಿಂದ ಅವಳನ್ನು ಇಳಿಸುತ್ತಿದ್ದೆ, ಅವರು ಕಾರಿನ ಬಾಗಿಲು ತೆರೆಯುತ್ತಿದ್ದರು, ಅವಳು ಚೀಲ ಹೊತ್ತು ನಡುವಿನ ಹತ್ತು ಹೆಜ್ಜೆ ಒಬ್ಬಳೇ ನಡೆಯುತ್ತಿದ್ದಳು. ಆ ಹತ್ತು ಹೆಜ್ಜೆಯಲ್ಲಿ ಅವಳು ಒಮ್ಮೆಯೂ ತಿರುಗಿ ನೋಡಿದ್ದಿಲ್ಲ. ಒಳ್ಳೆಯದು, ಅಳುತ್ತಿಲ್ಲವಲ್ಲ ಎಂದುಕೊಂಡೆ. ಯಾರ ಕಡೆ ನೋಡಿದರೆ ಯಾರಿಗೆ ನೋವಾಗುತ್ತದೋ ಎಂದು ಅವಳು ನೆಲ ನೋಡುತ್ತಿದ್ದಳು ಎಂಬುದು ಬಹಳ ತಡವಾಗಿ ನನಗೆ ಅರ್ಥವಾಯಿತು.

ಒಂದು ಶುಕ್ರವಾರ ಅವಳ ಇನ್ಹೇಲರ್ ನನ್ನ ಕೈಚೀಲದಲ್ಲೇ ಉಳಿಯಿತು. ಮಳೆಗಾಲ, ಅವಳಿಗೆ ಉಬ್ಬಸ ಏಳುವ ಕಾಲ. ರಾತ್ರಿ ಹನ್ನೊಂದಕ್ಕೆ ಅವಳ ಅಪ್ಪ ಫೋನು ಮಾಡಿದ್ದಾರೆ. ಅವರ ನಂಬರನ್ನು ನಾನು ಸದ್ದಿಲ್ಲದಂತೆ ಮಾಡಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಒಂಬತ್ತು ಕರೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಮಗಳು ಚೇತರಿಸಿಕೊಂಡಿದ್ದಳು. ಅವರು ನನ್ನನ್ನು ಬೈಯಲಿಲ್ಲ. ‘ಅವಸರದಲ್ಲಿ ಕೊಟ್ಟು ತೆಗೆದುಕೊಳ್ಳುವುದು ಇನ್ನು ಬೇಡ. ಎಲ್ಲಾದರೂ ಕುಳಿತುಕೊಂಡು ಮಾಡುವ’ ಎಂದಷ್ಟೇ ಹೇಳಿದರು. ಮೂಲ್ಕಿ ಎಂದು ಹೇಳಿದ್ದೂ ಅವರೇ. ಎರಡೂ ಊರಿಗೆ ಹೆಚ್ಚು ಕಡಿಮೆ ನಡುವೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಬರುವ ಎಕ್ಸ್‌ಪ್ರೆಸ್ ಬಸ್ಸನ್ನು ಕೊಟ್ಟಾರ ಚೌಕಿಯಲ್ಲಿ ಹಿಡಿದರೆ ಪಣಂಬೂರು, ಸುರತ್ಕಲ್, ಹಳೆಯಂಗಡಿ ದಾಟಿ ನಾವು ಇಳಿಯುತ್ತೇವೆ. ಅವರು ಕಾಪು, ಪಡುಬಿದ್ರಿ ದಾಟಿ ಬರುತ್ತಾರೆ. ಮೂಲ್ಕಿ ಕಳೆದು ಶಾಂಭವಿ ನದಿಯ ಸೇತುವೆ ದಾಟಿದರೆ ಹೆಜಮಾಡಿ, ಅಲ್ಲಿಂದ ಉಡುಪಿ ಜಿಲ್ಲೆ. 1997ಕ್ಕೆ ಮೊದಲು ಎರಡೂ ಒಂದೇ ಜಿಲ್ಲೆಯಾಗಿತ್ತು ಎಂದು ಅವಳ ಅಪ್ಪ ಹೇಳಿಕೊಟ್ಟಿದ್ದಾರೆ. ‘ಜಿಲ್ಲೆ ಬೇರೆ ಆದಾಗ ನದಿಯನ್ನು ಯಾರು ಇಟ್ಟುಕೊಂಡರು?’ ಎಂದು ಮಗಳು ಕೇಳಿದ್ದಳು.

ಹೋಟೆಲಿನಲ್ಲಿ ಮೊದಲ ದಿನ ನಾನು ಮಗಳೊಂದಿಗೆ ಬಾಗಿಲ ಬಳಿಯ ಮೇಜಿನಲ್ಲಿ ಕುಳಿತೆ. ಅವರು ಬಂದು ಗೋಡೆಯ ಪಕ್ಕದ ಮೇಜಿನಲ್ಲಿ ಕುಳಿತರು. ಬಡಿಸುವವರು ಬನ್ಸಿನ ತಟ್ಟೆ ತಂದಾಗ ಮಗಳು ಎರಡು ಮೇಜುಗಳ ನಡುವೆ ನಿಂತಿದ್ದಳು, ಬೆನ್ನಿನ ಚೀಲ ಇಳಿಸಿರಲಿಲ್ಲ. ತಟ್ಟೆ ಎಲ್ಲಿಡಬೇಕೆಂದು ಅವರಿಗೂ ತೋಚಲಿಲ್ಲ. ಗಲ್ಲೆಯಲ್ಲಿ ಕುಳಿತಿದ್ದ ಭಟ್ಟರು ಚಿಲ್ಲರೆ ಎಣಿಸುತ್ತಿದ್ದವರು ತಲೆಯೆತ್ತಿ, ‘ಆ ಮೂಲೆಯ ಮೇಜಿಗೆ ಫ್ಯಾನ್ ಚೆನ್ನಾಗಿ ಬರುತ್ತದೆ, ಅಲ್ಲೇ ಕುಳಿತುಕೊಳ್ಳಿ’ ಎಂದರು. ನನಗೆ ಹೇಳಿದರೋ ಅವರಿಗೆ ಹೇಳಿದರೋ ತಿಳಿಯಲಿಲ್ಲ. ಇಬ್ಬರೂ ಎದ್ದೆವು. ಆ ಮೇಜಿಗೆ ಮೂರೇ ಕುರ್ಚಿ. ಮಗಳು ನಡುವಿನದರಲ್ಲಿ ಕುಳಿತು ಚೀಲ ಇಳಿಸಿದಳು.

ಅಂದಿನಿಂದ ಇಂದಿನವರೆಗೆ ಆ ಹೋಟೆಲಿನಲ್ಲಿ ಒಬ್ಬರೂ ನಮ್ಮನ್ನು ಏನೂ ಕೇಳಿಲ್ಲ. ನಮ್ಮ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಮನೆ ಎಲ್ಲಿ, ಯಜಮಾನರು ಏನು ಮಾಡುತ್ತಾರೆ, ಒಬ್ಬಳೇ ಮಗಳೇ ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೂ ಕೇಳುತ್ತಾರೆ. ಭಟ್ಟರು ಶುಕ್ರವಾರ ಬಿಲ್ಲನ್ನು ನನ್ನ ಮುಂದೆ, ಭಾನುವಾರ ಅವಳ ಅಪ್ಪನ ಮುಂದೆ ಇಡಿಸುತ್ತಾರೆ. ಕರೆತಂದವರು ಕೊಡುವುದು ಎಂಬ ನಮ್ಮ ಕ್ರಮವನ್ನು ಅವರಿಗೆ ನಾವು ಹೇಳಿಲ್ಲ, ಅವರೇ ಗಮನಿಸಿದ್ದಾರೆ. ಸೇವೆಗೆ ಅಂಕ ಕೊಡಬೇಕಿದ್ದರೆ ಐದಕ್ಕೆ ಐದೂ ಇದಕ್ಕೇ ಕೊಡುತ್ತೇನೆ.

ಆ ಮೇಜಿನ ಮೇಲೆ ಒಂದು ಹಸಿರು ರಟ್ಟಿನ ಪುಸ್ತಕ ಕೈ ಬದಲಾಗುತ್ತದೆ. ಮಗಳ ವಿಷಯವೆಲ್ಲ ಅದರಲ್ಲಿ. ಕಳೆದ ತಿಂಗಳ ಒಂದು ಶುಕ್ರವಾರ ನಾನು ಬರೆದದ್ದು: ‘ನಿನ್ನೆಯಿಂದ ಮೂಗು ಸೋರುತ್ತಿದೆ, ಜ್ವರ ಇಲ್ಲ. ಇನ್ಹೇಲರ್ ಮುಂದಿನ ಜೇಬಿನಲ್ಲಿದೆ, ಬೆಳಿಗ್ಗೆ 7ಕ್ಕೆ ಒಮ್ಮೆ ಕೊಟ್ಟಿದ್ದೇನೆ. ಸೋಮವಾರ ಗಣಿತ ಪರೀಕ್ಷೆ, ಹದಿಮೂರರ ಮಗ್ಗಿ ಇನ್ನೂ ತಪ್ಪುತ್ತದೆ. ಎಡಗಾಲಿನ ಶೂ ಕಚ್ಚುತ್ತಿದೆ ಎನ್ನುತ್ತಾಳೆ.’ ಭಾನುವಾರ ಅದರ ಕೆಳಗೆ ಅವರ ಅಕ್ಷರ: ‘ಶೂ ಬದಲಾಯಿಸಿದೆ, ಒಂದು ಅಳತೆ ದೊಡ್ಡದು. ಮಲ್ಪೆಯಲ್ಲಿ ನಡೆಯುತ್ತಾ ಮಗ್ಗಿ ಹೇಳಿಸಿದೆ, ಹದಿಮೂರೇಳಲದಲ್ಲಿ ನಿಲ್ಲುತ್ತಾಳೆ. ಶನಿವಾರ ರಾತ್ರಿ ಅಮ್ಮ ಬೇಕೆಂದು ಸ್ವಲ್ಪ ಅತ್ತಳು, ಫೋನು ಮಾಡೋಣವೇ ಎಂದೆ, ಬೇಡವೆಂದು ಮಲಗಿದಳು.’ ಕೊನೆಯ ಸಾಲನ್ನು ಅವರು ಬರೆಯದೆ ಬಿಡಬಹುದಿತ್ತು. ಬರೆದರಲ್ಲ, ಅದಕ್ಕೆ ನಾನು ಕೃತಜ್ಞಳು. ಹಿಂದಿನ ದಿನಗಳಲ್ಲಾದರೆ ಅದೇ ಸಾಲನ್ನು ವಕೀಲರಿಗೆ ತೋರಿಸಲು ಎತ್ತಿಡುತ್ತಿದ್ದೆ.

ಇನ್ನೊಂದು ಬದಲಾವಣೆಯನ್ನು ಮಗಳೇ ಹೇಳಿದಳು. ಮದುವೆಯಾಗಿದ್ದಾಗ ಅವರು ನನಗೆ ‘ನೀನು’ ಎನ್ನುತ್ತಿದ್ದರು, ನಾನು ‘ನೀವು’ ಎನ್ನುತ್ತಿದ್ದೆ. ಜಗಳದ ಕಾಲದಲ್ಲಿ ಎರಡೂ ಕಡೆಯಿಂದ ಏಕವಚನವೇ ಆಯಿತು. ಈಗ ಆ ಮೇಜಿನಲ್ಲಿ ಇಬ್ಬರೂ ‘ನೀವು’ ಎನ್ನುತ್ತೇವೆ. ‘ನೀವಿಬ್ಬರೂ ಟೀಚರ್‌ಗಳ ಹಾಗೆ ಮಾತನಾಡುತ್ತೀರಿ’ ಎಂದಳು. ಅವಳ ಮುಖದಲ್ಲಿ ನೆಮ್ಮದಿ ಇತ್ತು.

2024ರ ಜನವರಿ 18ರ ಪರ್ಯಾಯಕ್ಕೆ ಒಪ್ಪಂದದಂತೆ ಅವಳು ಉಡುಪಿಯಲ್ಲಿದ್ದಳು. ನಡುರಾತ್ರಿಯಲ್ಲಿ ಅಪ್ಪನ ಹೆಗಲೇರಿ ಜೋಡುಕಟ್ಟೆಯ ಮೆರವಣಿಗೆ ನೋಡಿದ್ದಾಳೆ. ಎಂಟು ಮಠಗಳು ಎರಡೆರಡು ವರ್ಷ ಕೃಷ್ಣನ ಪೂಜೆ ಮಾಡುವುದು, ಇಳಿಯುವ ಯತಿಗಳು ಏರುವ ಯತಿಗಳಿಗೆ ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಬೀಗದ ಕೈ ಒಪ್ಪಿಸುವುದು, ಇದನ್ನೆಲ್ಲ ಅಜ್ಜಿ ಹೇಳಿದ್ದಾರೆ. ಆ ಭಾನುವಾರ ಮೂಲೆಯ ಮೇಜಿನಲ್ಲಿ ಕುಳಿತವಳು ಬನ್ಸ್ ಮುಟ್ಟುವ ಮೊದಲೇ ತನ್ನ ಚೀಲ ತೆರೆದಳು. ನೀರಿನ ಬಾಟಲಿ, ಇನ್ಹೇಲರ್, ಹಸಿರು ಪುಸ್ತಕ, ಮೂರನ್ನೂ ಅಪ್ಪನ ಕೈಗೆ ಕೊಟ್ಟು, ‘ಈಗ ನೀವು ಅಮ್ಮನಿಗೆ ಕೊಡಿ, ಎರಡೂ ಕೈಯಿಂದ’ ಎಂದಳು. ಅವರು ಕೊಟ್ಟರು, ನಾನು ತೆಗೆದುಕೊಂಡೆ. ಬಡಿಸುವವರು ಬಿಸಿ ಚಟ್ನಿಯ ಪಾತ್ರೆ ಹಿಡಿದು ಅಲ್ಲೇ ನಿಂತು ನೋಡುತ್ತಿದ್ದರು. ಅಂದಿನಿಂದ ಪ್ರತಿ ಸಲವೂ ಹೀಗೇ. ಇನ್ಹೇಲರ್ ಮರೆಯುವ ಪ್ರಶ್ನೆಯೇ ಇಲ್ಲ.

ಹೊಟ್ಟೆನೋವು ಅದರಿಂದಲೇ ಹೋಯಿತು ಎನ್ನಲಾರೆ. ನಿಧಾನವಾಗಿ ಕಡಿಮೆಯಾಯಿತು. ಪರೀಕ್ಷೆಯ ವಾರದಲ್ಲಿ ಈಗಲೂ ಬರುತ್ತದೆ. ಇದರ ಬಗ್ಗೆ ಓದಲು ಹೊರಟಾಗ ಸ್ವೀಡನ್ನಿನ ಒಂದು ದೊಡ್ಡ ಅಧ್ಯಯನ ಸಿಕ್ಕಿತು, 2015ರಲ್ಲಿ ಪ್ರಕಟವಾದದ್ದು. ಅಲ್ಲಿ ಒಂದು ವಾರ ತಾಯಿಯ ಮನೆ, ಒಂದು ವಾರ ತಂದೆಯ ಮನೆ ಎಂದು ಬೆಳೆಯುವ ಮಕ್ಕಳು ಬಹಳ. ಆರನೆಯ ಮತ್ತು ಒಂಬತ್ತನೆಯ ತರಗತಿಯ ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ನಿದ್ದೆ, ತಲೆನೋವು, ಹೊಟ್ಟೆನೋವು, ಹಸಿವು, ಬೇಸರ ಇವುಗಳ ಬಗ್ಗೆ ಕೇಳಿದ್ದರು. ಇಬ್ಬರ ಬಳಿಯೂ ಬೆಳೆಯುವ ಮಕ್ಕಳಲ್ಲಿ ಇಂಥ ತೊಂದರೆ, ಹೆಚ್ಚಾಗಿ ಒಬ್ಬರ ಬಳಿಯೇ ಇರುವ ಮಕ್ಕಳಿಗಿಂತ ಕಡಿಮೆ. ತಂದೆ ತಾಯಿ ಒಂದೇ ಮನೆಯಲ್ಲಿರುವ ಮಕ್ಕಳಿಗಿಂತ ಮಾತ್ರ ಹೆಚ್ಚು. ಇದನ್ನು ಓದಿ ನನ್ನ ಅಣ್ಣನಿಗೂ ತೋರಿಸಿದೆ. ಆದರೆ ಅದು ಸ್ವೀಡನ್, ಅಲ್ಲಿನ ಮನೆ, ಅಲ್ಲಿನ ಸಂಬಳ, ಅಲ್ಲಿನ ಶಾಲೆ. ಹೊಂದಿಕೊಂಡು ಹೋಗಬಲ್ಲ ತಂದೆ ತಾಯಂದಿರೇ ಅಂಥ ಏರ್ಪಾಡನ್ನು ಆರಿಸಿಕೊಂಡಿರಲೂಬಹುದು. ಮಕ್ಕಳು ದೂತರಾಗಿ ಮಾತು ಸಾಗಿಸಬೇಕಾದ ಕಡೆ ದಿನಗಳನ್ನು ಎಷ್ಟು ಸಮನಾಗಿ ಹಂಚಿದರೂ ಅವರು ನರಳುತ್ತಾರೆ ಎಂಬುದಕ್ಕೆ ಆ ಮಾಲಿನ ನೆಲಮಾಳಿಗೆಯೇ ನನಗೆ ಸಾಕ್ಷಿ. ‘ಅಪ್ಪನಿಗೆ ಹೇಳು, ಫೀಸು ಇನ್ನೂ ಬಂದಿಲ್ಲ’ ಎಂದು ಆರು ವರ್ಷದವಳ ಬಾಯಲ್ಲಿ ಹೇಳಿಸಿದವಳು ನಾನು. ಈಗ ಹಣದ ಮಾತು ಆ ಮೇಜಿಗೆ ಬರುವುದಿಲ್ಲ, ಹಸಿರು ಪುಸ್ತಕಕ್ಕೂ ಬರುವುದಿಲ್ಲ. ಅದು ಫೋನಿನಲ್ಲಿ, ಅವಳು ಮಲಗಿದ ಮೇಲೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹೊಡೆತ, ಬೆದರಿಕೆ, ಕುಡಿದು ಬರುವುದು ಇವೆಲ್ಲ ಇರುವ ಕಡೆ ಇಂಥ ಮೇಜಿನ ಆಸೆಗೆ ಬೀಳಬೇಡಿ. ‘ಮಗುವಿಗಾಗಿ ಹೊಂದಿಕೋ’ ಎನ್ನುವವರ ಮಾತಿಗೆ ಮಣಿದು ಒಬ್ಬರೇ ಹೋಗಿ ಎದುರಿಗೆ ಕೂರಬೇಡಿ. ಅಂಥ ಹೆಂಗಸರಿಗಾಗಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಮಕ್ಕಳಿಗಾಗಿ 1098 ಸಹಾಯವಾಣಿ ಇದೆ. ನಮ್ಮ ಮನೆಯಲ್ಲಿ ಇದ್ದದ್ದು ಬೇಸರ ಮತ್ತು ಹಟ, ಭಯ ಇರಲಿಲ್ಲ. ಹಾಗಾಗಿ ಇದು ನಮಗೆ ಒದಗಿತು.

ಇನ್ನು ಹೋಟೆಲಿನ ಕುಂದುಗಳು. ಭಾನುವಾರ ಸಂಜೆ ಜನ ಹೆಚ್ಚು, ಮೂಲೆಯ ಮೇಜು ಸಿಗುತ್ತದೆಂಬ ಭರವಸೆ ಇಲ್ಲ. ಅದನ್ನು ಕಾದಿರಿಸಿ ಎಂದು ನಾನು ಕೇಳಿಲ್ಲ, ಕೇಳುವುದು ಸರಿಯೂ ಅಲ್ಲ. ಆರು ಗಂಟೆಗೆ ಒಳಗೆ ರುಬ್ಬುವ ಯಂತ್ರ ಹಾಕಿದರೆ ಮಾತು ಕೇಳಿಸುವುದಿಲ್ಲ. ಶೌಚಾಲಯ ಹಿತ್ತಲಿನಲ್ಲಿದೆ, ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ಕಲ್ಲು ಜಾರುತ್ತದೆ. ಮಕ್ಕಳ ಕೈ ಹಿಡಿದುಕೊಂಡೇ ಹೋಗಿ. ಕಾರು ನಿಲ್ಲಿಸಲು ಜಾಗ ಕಡಿಮೆ.

ಕೈ ತೊಳೆಯುವ ಬೇಸಿನ್ ತೀರಾ ಎತ್ತರದಲ್ಲಿದೆ. ಮೊದಲ ವರ್ಷ ಮಗಳನ್ನು ಎತ್ತಿ ಹಿಡಿಯಬೇಕಾಗುತ್ತಿತ್ತು, ಶುಕ್ರವಾರ ನಾನು, ಭಾನುವಾರ ಅವಳ ಅಪ್ಪ. ಆಮೇಲೆ ಬಡಿಸುವವರೇ ಟೊಮೆಟೊ ಬರುವ ಪ್ಲಾಸ್ಟಿಕ್ ಕ್ರೇಟೊಂದನ್ನು ಮಗುಚಿ ಬೇಸಿನ್ನಿನ ಕೆಳಗೆ ಇಟ್ಟರು. ಎರಡು ವರ್ಷ ಅದನ್ನೇರಿ ಕೈ ತೊಳೆದಳು. ಕಳೆದ ಶುಕ್ರವಾರ ಎಂದಿನಂತೆ ಹೋದವಳು ಕ್ರೇಟನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿ, ನೆಲದ ಮೇಲೆ ನಿಂತೇ ನಲ್ಲಿ ತಿರುಗಿಸಿದಳು. ನಾನು ಅವಳ ಅಪ್ಪನ ಕಡೆ ನೋಡಿದೆ. ಅವರೂ ನೋಡಿದ್ದರು. ಅಂದು ರಾತ್ರಿ ಹಸಿರು ಪುಸ್ತಕದಲ್ಲಿ ಅವರು ಬರೆದಿದ್ದಾರೆ: ‘ಕ್ರೇಟ್ ಇಲ್ಲದೆ ಕೈ ತೊಳೆದಳು.’ ತಾರೀಖು ಹಾಕಿದ್ದಾರೆ.

ಸೋಮವಾರ ಹೋಟೆಲಿಗೆ ರಜೆ. ಬನ್ಸ್ ಸಂಜೆ ಐದೂವರೆಗೆಲ್ಲ ಮುಗಿಯುತ್ತದೆ, ಶುಕ್ರವಾರ ಇನ್ನೂ ಬೇಗ. ಬಸ್ಸು ತಡವಾಗಿ ನಾವು ಆರರ ನಂತರ ತಲುಪಿದ ದಿನಗಳಲ್ಲೂ ಭಟ್ಟರು ಗಲ್ಲೆಯ ಪಕ್ಕದ ಕಪಾಟಿನಿಂದ ಬಾಳೆ ಎಲೆಯಲ್ಲಿ ಸುತ್ತಿಟ್ಟ ಎರಡನ್ನು ತೆಗೆದು ಒಳಗೆ ಬಿಸಿ ಮಾಡಲು ಕಳಿಸುತ್ತಾರೆ.